ಕಾರ್ನ್‌ವಾಲ್ ಸೀಮೆಯ ಮೇಳಗಳು ಮತ್ತು ಒಂದು ನುಡಿಯ ಮರುಹುಟ್ಟು

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯು ಕನ್ನಡನಾಡಿಗೆ ತೀರ ಅಪರಿಚಿತವಾದುದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ತಾಮ್ರ, ತವರಗಳ ಗಣಿಗಳು ಸೊರಗಲು, ಸಾವಿರಾರು ಕುಟುಂಬಗಳು ಕಡಲಾಚೆ ಚದುರಿದವು. ಜಾನ್ ಟೇಲರ್ ಸಂಸ್ಥೆಯು ನಡೆಸಿದ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಅಲ್ಲಿಯ ನುರಿತ ಗಣಿಗಾರರು ದುಡಿದರು.

ಜನ ಹೀಗೆ ಚದುರಿದ ಮೇಲೆಯೂ ಆ ಸೀಮೆಯು ತನ್ನತನವನ್ನು ಕಾಯ್ದುಕೊಂಡ ಬಗೆಯು ಅದರ ವಾರ್ಷಿಕ ಕೂಟಗಳಲ್ಲಿ ಕಾಣುತ್ತದೆ. ಇವು ಮೂರು ತೆರನಾದವು. ಮೊದಲನೆಯದು ಬೇಸಾಯದ ಮೇಳ: 1793ರಲ್ಲಿ ಹುಟ್ಟಿದ ಕೃಷಿಸಂಘದ ಈ ಮೇಳವು ಊರೂರು ಸುತ್ತಿ 1960ರಲ್ಲಿ ವೇಡ್‌ಬ್ರಿಜ್‌ನಲ್ಲಿ ನೆಲೆನಿಂತಿತು, ರಾಸುಗಳ ಸ್ಪರ್ಧೆ ಅದರ ಜೀವಾಳ. ಎರಡನೆಯದು ಊರಹಬ್ಬ: ಮೇ 1ರಂದು ಪ್ಯಾಡ್‌ಸ್ಟೊದಲ್ಲಿ ಕರಿಯ ಹೊದಿಕೆಯ ಕೃತಕ ಕುದುರೆಯ ಕುಣಿತ, ಸಾಮಾನ್ಯವಾಗಿ ಮೇ 8ರಂದು ಹೆಲ್ಸ್‌ಟನ್ನಿನಲ್ಲಿ ಮನೆ, ಅಂಗಡಿಗಳ ಒಳಹೊಕ್ಕು ಹೊರಬರುವ ಜೋಡಿ ನೃತ್ಯ. ಮೂರನೆಯದು 1928ರಲ್ಲಿ ಆರಂಭವಾದ ಗೋರ್ಸೆದ್ ಎಂಬ ವಿದ್ವತ್ಸಭೆ. ಅದರ ವಿಧಿಗಳು ಕಾರ್ನಿಷ್ ನುಡಿಯಲ್ಲಿ ನಡೆಯುತ್ತವೆ.

ಈ ನುಡಿಯು 18ನೆಯ ಶತಮಾನದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಮನೆಮಾತಾಗಿ ಉಳಿದಿರಲಿಲ್ಲ. ಊರಹಬ್ಬಗಳು ಅದನ್ನು ಉಳಿಸಲಾರದೆ ಹೋದವು. ಹೆನ್ರಿ ಜೆನ್ನರರು 1904ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಅದರ ಕಲಿಕೆ ಮತ್ತೆ ಮೊದಲಾಯಿತು. ಗೋರ್ಸೆದ್ ಅದಕ್ಕೆ ಸಾರ್ವಜನಿಕ ವೇದಿಕೆಯಾಯಿತು. 2002ರಲ್ಲಿ ಬ್ರಿಟಿಷ್ ಸರಕಾರದ ಮನ್ನಣೆಯೂ ದೊರೆಯಿತು.

ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆಂದು ಕಲೆಯುವ ಹೊರನಾಡ ಕನ್ನಡಿಗರಾದ ನಾವು ಇದನ್ನು ನೆನೆಯುವುದು ಒಳಿತು. ಉತ್ಸವವು ಜನರನ್ನು ಕೂಡಿಸಬಲ್ಲುದು. ನುಡಿಯನ್ನು ಮಕ್ಕಳಿಗೆ ಮುಟ್ಟಿಸಬೇಕಾದರೆ ಪಾಠವೇ ನಡೆಯಬೇಕು.