ಪಂಜರದ ಗಿಳಿಗೂ ಕಾಯಿದೆ ಉಂಟು

ಹಜಾರದಲ್ಲಿ ತೂಗುಹಾಕಿದ ಪಂಜರ, ಅದರೊಳಗೊಂದು ಹಸಿರು ಗಿಳಿ, ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುವ ಅದರ ಮುದ್ದು ಮಾತು: ಇದು ನಮ್ಮ ಎಷ್ಟೋ ಮನೆಗಳ ಹಳೆಯ ಚಿತ್ರ. ಹಣ್ಣು, ಮೆಣಸಿನಕಾಯಿ ಹಾಕಿ ಮಕ್ಕಳಂತೆ ಸಾಕಿದ ಹಕ್ಕಿಯ ವಿಚಾರದಲ್ಲಿ ಸರ್ಕಾರಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಉಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಜೀವಂತ ಹಿಡಿಯುವುದು, ಬಲೆಯೊಡ್ಡುವುದು, ಹಕ್ಕಿಯ ಗೂಡನ್ನು ಕೆದಕುವುದು, ಇವೂ ಬೇಟೆಯೇ. ನಮ್ಮ ಊರ ಗಿಳಿ, ಮಾತನಾಡುವ ಬೆಟ್ಟದ ಮೈನಾ, ನಕ್ಷತ್ರ ಆಮೆ, ಕಾಡುಪಾಪ ಇವೆಲ್ಲವೂ ಈ ಕಾಯಿದೆಯ ರಕ್ಷಣೆಗೆ ಒಳಪಟ್ಟವು. “ನಾನು ಹಿಡಿಯಲಿಲ್ಲ, ಸಂತೆಯಲ್ಲಿ ದುಡ್ಡು ಕೊಟ್ಟು ತಂದೆ” ಎಂಬ ಸಮಾಧಾನ ಇಲ್ಲಿ ನಡೆಯದು. ಕೊಳ್ಳುವುದೂ ಇಟ್ಟುಕೊಳ್ಳುವುದೂ ತಪ್ಪೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆಮನೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಡುಪಾಪದಂತೆ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆಮನೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ಇಷ್ಟು ಬಿಗಿ ಏಕೆ? ಗಿಳಿ ಮರದ ಪೊಟರೆಯಲ್ಲಿ ಮರಿ ಮಾಡುತ್ತದೆ. ಹಿಡಿಯುವವನು ರೆಕ್ಕೆ ಬಲಿಯದ ಮರಿಗಳನ್ನೇ ಎತ್ತುತ್ತಾನೆ. ಇಕ್ಕಟ್ಟಾದ ಬುಟ್ಟಿಯಲ್ಲಿ ಊರಿಂದೂರಿಗೆ ಸಾಗುವಾಗ ಎಷ್ಟೋ ಮರಿಗಳು ಸಾಯುತ್ತವೆ. ನಿಮ್ಮ ಮನೆ ತಲಪುವುದು ಉಳಿದದ್ದು ಮಾತ್ರ. ಕೋಲಾರದ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಕದ್ದೊಯ್ಯುತ್ತಾರೆ. ಇರುಳಲ್ಲಿ ಹುಳುಹುಪ್ಪಟೆ ಹುಡುಕಿ ತಿನ್ನುವ ಕಾಡುಪಾಪವನ್ನು ಮಾಟಮಂತ್ರದ ಹೆಸರಿನಲ್ಲಿ ಹಿಂಸಿಸುತ್ತಾರೆ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಇರುವುದಿಲ್ಲ.

ಹೊರದೇಶದ ಪ್ರಾಣಿಗಳ ಮಾತು ಬೇರೆ. ಬಣ್ಣದ ಮಕಾವ್, ಆಫ್ರಿಕದ ಬೂದು ಗಿಳಿ, ಇಗ್ವಾನಾ ಮೊದಲಾದವು ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿವೆ. ಭಾರತ 1976ರಲ್ಲೇ ಈ ಒಪ್ಪಂದಕ್ಕೆ ಸೇರಿತು. ಇಂಥವನ್ನು ಸಾಕುವವರು 2024ರ ನಿಯಮಗಳಂತೆ ‘ಪರಿವೇಶ್’ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಣಿ ಮಾಡಿಸಬೇಕು. ಹೊಸದಾಗಿ ತಂದರೆ 30 ದಿನಗಳ ಗಡುವು. ಮರಿಯಾದರೂ, ಕೈ ಬದಲಾದರೂ, ಸತ್ತರೂ ತಿಳಿಸಬೇಕು. ಆದ್ದರಿಂದ ಕೊಳ್ಳುವಾಗಲೇ ಕಾಗದಪತ್ರ ಕೇಳಿ ಪಡೆಯಿರಿ. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಕರೆಯುವ ಆಸ್ಟ್ರೇಲಿಯದ ಪುಟ್ಟ ಬಜರಿಗಾರ್ ಹಕ್ಕಿ ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಈ ನೋಂದಣಿ ಬೇಡ.

ಈಗಾಗಲೇ ಮನೆಯಲ್ಲಿ ಊರ ಗಿಳಿ ಇದ್ದರೆ ಏನು ಮಾಡಬೇಕು? ಈ ಲೇಖನ ಓದಿ ಕೂಡಲೇ ಪಂಜರದ ಬಾಗಿಲು ತೆಗೆಯಬೇಡಿ. ಪಂಜರದಲ್ಲೇ ಬೆಳೆದ ಹಕ್ಕಿಗೆ ಆಹಾರ ಹುಡುಕಲು ತಿಳಿಯದು, ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು. ಬೆಕ್ಕೋ ಕಾಗೆಯೋ ಸಂಜೆಯೊಳಗೆ ಅದನ್ನು ಮುಗಿಸೀತು. ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ, ಹಕ್ಕಿಯನ್ನು ಅವರ ವಶಕ್ಕೆ ಒಪ್ಪಿಸುವುದು ಸರಿಯಾದ ದಾರಿ. ಮಕ್ಕಳಿಗೆ ಬೇಸರವಾದೀತು, ನಿಜ. ಕಾರಣ ಹೇಳಿದರೆ ಅವರು ನಮಗಿಂತ ಬೇಗ ಒಪ್ಪುತ್ತಾರೆ.

ಗಿಳಿಯ ದನಿ ಬೇಕೆನಿಸಿದರೆ ಹಿತ್ತಲಲ್ಲಿ ಒಂದು ಸೀಬೆ ಗಿಡ ನೆಡಿ. ಕಾಯಿ ಹಣ್ಣಾಗುವ ಹೊತ್ತಿಗೆ, ಕರೆಯದಿದ್ದರೂ, ಒಂದಲ್ಲ ಹತ್ತು ಗಿಳಿ ಬಂದಾವು. ಅರ್ಧ ಹಣ್ಣು ಅವುಗಳ ಪಾಲು. ಆ ಬಾಡಿಗೆ ಹೆಚ್ಚೇನಲ್ಲ.