ರೀಗಾದಿಂದ ವೈಜಾಗ್‌ಗೆ ಬಂದ ಕುರ್ಸುರಾ

ವಿಶಾಖಪಟ್ಟಣದ, ಅಂದರೆ ವೈಜಾಗ್‌ನ, ದ್ವಾರಕಾ ನಗರದ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೇ ಆರ್.ಕೆ. ಬೀಚ್. ಅಲ್ಲಿ ಮರಳ ದಂಡೆಯಲ್ಲಿ ನಿಂತಿದೆ ನೋಡಿ, 91 ಮೀಟರ್ ಉದ್ದದ ಜಲಾಂತರ್ಗಾಮಿ, ಐ.ಎನ್.ಎಸ್. ಕುರ್ಸುರಾ.

1969ರ ಡಿಸೆಂಬರ್ 18ರಂದು ಇದು ನಮ್ಮ ನೌಕಾಪಡೆ ಸೇರಿದ್ದು ರೀಗಾ ಬಂದರಿನಲ್ಲಿ. ಆಗ ರೀಗಾ ಸೋವಿಯತ್ ಒಕ್ಕೂಟದ ಊರು. 2001ರಲ್ಲಿ ಕುರ್ಸುರಾ ನಿವೃತ್ತವಾಯಿತು. ಅಷ್ಟರಲ್ಲಿ ಅದನ್ನು ಕಟ್ಟಿಕೊಟ್ಟ ದೇಶವೇ ಭೂಪಟದಲ್ಲಿ ಇರಲಿಲ್ಲ!

ಏನಾಯಿತು? 1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಎರಡು ಜರ್ಮನಿಗಳು ಒಂದಾದವು. 1991ರ ಜುಲೈನಲ್ಲಿ ಸೋವಿಯತ್ ನೇತೃತ್ವದ ಸೇನಾ ಮೈತ್ರಿಯಾದ ವಾರ್ಸಾ ಕೂಟ ವಿಸರ್ಜನೆಯಾಯಿತು. ವರ್ಷದ ಕೊನೆಗೆ ಸೋವಿಯತ್ ಒಕ್ಕೂಟ ಒಡೆದು 15 ದೇಶಗಳಾದವು. ಚೆಕೊಸ್ಲೊವಾಕಿಯಾ ಜಗಳವಿಲ್ಲದೆ ಎರಡು ಪಾಲಾಯಿತು. ಯುಗೊಸ್ಲಾವಿಯಾ ಹಾಗಲ್ಲ. ಅದು ಒಡೆದಾಗ ನಡೆದ ಬೋಸ್ನಿಯಾ ಯುದ್ಧವೊಂದರಲ್ಲೇ ಸುಮಾರು ಒಂದು ಲಕ್ಷ ಜನ ಸತ್ತರು. ಅಮೆರಿಕ ಮತ್ತು ಸೋವಿಯತ್ ಬಣಗಳ ನಡುವಿನ ಶೀತಲ ಸಮರ ರಕ್ತ ಹರಿಯದೆ ಮುಗಿಯಿತು ಅನ್ನುವವರು ಈ ಲೆಕ್ಕ ಮರೆಯಬಾರದು.

ಲಾಟ್ವಿಯಾ ಸ್ವತಂತ್ರವಾಯಿತು, ರೀಗಾ ಅದರ ರಾಜಧಾನಿ. 2004ರಲ್ಲಿ ಆ ದೇಶ ಅಮೆರಿಕ ಮತ್ತು ಮಿತ್ರದೇಶಗಳ ಸೇನಾ ಮೈತ್ರಿ ನ್ಯಾಟೋ, ಐರೋಪ್ಯ ಒಕ್ಕೂಟ ಎರಡನ್ನೂ ಸೇರಿತು. ಇಂಥ ಸಣ್ಣ ದೇಶಗಳು ರಕ್ಷಣೆಗಾಗಿ ತಾವಾಗಿಯೇ ನ್ಯಾಟೋದ ಬಾಗಿಲು ತಟ್ಟಿದವು. ಮಾಸ್ಕೋ ಅದನ್ನು ಮುತ್ತಿಗೆ ಎಂದಿತು. ಎಲ್ಲರೂ ಒಪ್ಪುವ ಭದ್ರತಾ ವ್ಯವಸ್ಥೆ ಕಟ್ಟಲಾಗದೆ ಹೋದದ್ದೇ ಆ ಕಾಲದ ದೊಡ್ಡ ಸೋಲು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿತು. ಮರುವರ್ಷ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ಕೂಡ ನ್ಯಾಟೋ ಸೇರಿದವು.

ಇತ್ತ ಕುರ್ಸುರಾ 2002ರಿಂದ ವಸ್ತುಸಂಗ್ರಹಾಲಯ. ವೈಜಾಗ್‌ಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಒಮ್ಮೆ ಒಳಹೊಕ್ಕು ನೋಡಿ ಬನ್ನಿ.