ಕಲಿಸಲು ಹೋದ ನಾವು ಮೊದಲು ಕಲಿತದ್ದು



ಸಂಘಕ್ಕೆ ಹೊಸದಾಗಿ ಸೇರಿದ ಸದಸ್ಯೆ ಪಾಸ್‌ಬುಕ್ ಓದಲು ಬಾರದೆ ಹಿಂದೆ ಕೂತಿರುವುದನ್ನು ನೀವು ನೋಡಿರಬಹುದು. "ಬನ್ನಿ, ಕಲಿಸ್ತೇವೆ" ಅಂದರೂ ಅವರು ಮುಂದೆ ಬರುವುದಿಲ್ಲ. ಯಾಕೆ? ಈ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ದೂರದ ಆಫ್ರಿಕಾದಲ್ಲಿ. 2006ರಲ್ಲಿ ನಾವು ಇಬ್ಬರು ಸಿಸ್ಟರ್‌ಗಳು ಟಾಂಜಾನಿಯಾ ದೇಶದ ಮೊರೊಗೊರೊ ಕಡೆಯ ಒಂದು ಹಳ್ಳಿಗೆ, ದೊಡ್ಡವರಿಗೆ ಇಂಗ್ಲಿಷ್ ಕಲಿಸಲು ಸ್ವಯಂಸೇವಕಿಯರಾಗಿ ಹೋಗಿದ್ದೆವು.

ಅಲ್ಲಿ ಇಂಗ್ಲಿಷ್ ಯಾಕೆ ಬೇಕಿತ್ತು? ಟಾಂಜಾನಿಯಾದಲ್ಲಿ ಎಲ್ಲರನ್ನೂ ಕೂಡಿಸುವ ಭಾಷೆ ಸ್ವಾಹಿಲಿ. ಆಗ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ 7 ವರ್ಷ ಸ್ವಾಹಿಲಿಯಲ್ಲೇ ಪಾಠ ಇತ್ತು. ಪ್ರೌಢಶಾಲೆಗೆ ಹೋದ ಕೂಡಲೇ ಎಲ್ಲವೂ ಇಂಗ್ಲಿಷ್. ಹಾಗಾಗಿ ಓದುಬರಹ ಬಲ್ಲ ತಾಯಿಗೂ ಮಗಳ ಪುಸ್ತಕದಲ್ಲಿ ಏನಿದೆ ಎಂದು ತಿಳಿಯುತ್ತಿರಲಿಲ್ಲ.

ಮೊದಲ ದಿನವೇ ಎಡವಿದೆವು. ಕ್ಲಾಸು "ಸಾ ಕೂಮಿ", ಅಂದರೆ 10 ಗಂಟೆಗೆ ಎಂದು ಹೆಂಗಸರು ಹೇಳಿದ್ದರು. ಬೆಳಿಗ್ಗೆ 10ಕ್ಕೆ ಹೋಗಿ ಕಾದೆವು. ಒಬ್ಬರೂ ಇಲ್ಲ. ಬೇಸರದಿಂದ ಹಿಂದೆ ಬಂದೆವು. ಸಂಜೆ 4ಕ್ಕೆ ಅವರೆಲ್ಲ ಬಂದು ನಮಗಾಗಿ ಕಾದರಂತೆ! ಸ್ವಾಹಿಲಿ ಮಾತಾಡುವವರು ಗಂಟೆ ಎಣಿಸುವುದು ಬೆಳಿಗ್ಗೆ 6ರಿಂದ. ನಮ್ಮ 7 ಗಂಟೆ ಅವರಿಗೆ 1 ಗಂಟೆ, ನಮ್ಮ ಸಂಜೆ 4 ಅವರಿಗೆ 10. ಶುಭಸಂದೇಶದಲ್ಲಿಯೂ ಲೆಕ್ಕ ಹೀಗೇ ಇದೆ. ಯೇಸುಸ್ವಾಮಿ ಪ್ರಾಣಬಿಟ್ಟ ಒಂಬತ್ತನೆಯ ತಾಸು ಅಂದರೆ ನಮ್ಮ ಮಧ್ಯಾಹ್ನ 3 ಗಂಟೆ. ಅವರ ಲೆಕ್ಕ ತಪ್ಪಾಗಿರಲಿಲ್ಲ, ನಾವು ಕೇಳಿ ತಿಳಿದುಕೊಂಡಿರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಟೊಮೇಟೊ ಮಾರುವ ಒಬ್ಬ ಅಮ್ಮ ಬರೆದ ವಾಕ್ಯವನ್ನು ಎಲ್ಲರ ಎದುರಿಗೆ ಕೆಂಪು ಪೆನ್ನಿನಿಂದ ತಿದ್ದಿದೆವು. ಕೆಲವರು ನಕ್ಕರು. ಮರುದಿನ ಅಮ್ಮ ಬರಲಿಲ್ಲ. ಮೂರನೆಯ ದಿನವೂ ಇಲ್ಲ.

ನಾವು ಅವರ ಮನೆಗೆ ಹೋದೆವು. ಅಲ್ಲಿ ಬಾಗಿಲ ಹೊರಗೆ ನಿಂತು "ಹೋದಿ" ಅನ್ನಬೇಕು, ಒಳಗಿನಿಂದ "ಕರೀಬು", ಅಂದರೆ ಬನ್ನಿ ಎಂದ ಮೇಲೆಯೇ ಒಳಗೆ ಕಾಲಿಡಬೇಕು. ಹಿರಿಯರಿಗೆ ಕಿರಿಯರು "ಶಿಕಾಮೋ" ಎಂದು ವಂದಿಸಬೇಕು. ಅವರು "ಮರಹಬಾ" ಎಂದು ಸ್ವೀಕರಿಸುತ್ತಾರೆ. ತರಗತಿಯಲ್ಲಿ ನಾವು ಅಮ್ಮನಿಗೆ ಒಮ್ಮೆಯೂ ಶಿಕಾಮೋ ಹೇಳಿರಲಿಲ್ಲ! ಅಂದು ಹೇಳಿದೆವು, ಕ್ಷಮೆಯನ್ನೂ ಕೇಳಿದೆವು. ಅಮ್ಮ ಚಹಾ ಕೊಟ್ಟು ಹೇಳಿದರು: "ಸಿಸ್ಟರ್, ನನಗೆ ಪರೀಕ್ಷೆ ಪಾಸಾಗುವುದು ಬೇಡ. ಔಷಧಿ ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ಗೊತ್ತಾದರೆ ಸಾಕು."

ನಾವು ಊರಿಂದ ಹೊತ್ತುಕೊಂಡು ಹೋದ ವ್ಯಾಕರಣದ ಪುಸ್ತಕ ಬದಿಗಿಟ್ಟೆವು. ಔಷಧಿ ಪೊಟ್ಟಣ, ಮಕ್ಕಳ ಪುಸ್ತಕ, ಗಡಿಯಾರ ಇವೇ ಪಾಠವಾದವು. ಪ್ರತಿ ಕ್ಲಾಸಿನಲ್ಲಿ ಮೊದಲ ಹತ್ತು ನಿಮಿಷ ಅವರು ನಮಗೆ ಸ್ವಾಹಿಲಿ ಕಲಿಸುತ್ತಿದ್ದರು. ಸಾಬೂನಿಗೆ ಅವರು "ಸಬೂನಿ" ಅನ್ನುತ್ತಾರೆ. ಲೆಕ್ಕಕ್ಕೆ "ಹೆಸಾಬು", ಔಷಧಿಗೆ "ದಾವಾ". ಚಪಾತಿ ಅಲ್ಲಿಯೂ ಚಪಾತಿಯೇ! ನಾವು ತಪ್ಪಿ ಮಾತಾಡಿದಾಗ ಅವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆಮೇಲೆ ತಪ್ಪುವ ಭಯ ಅವರಿಗೂ ಉಳಿಯಲಿಲ್ಲ. ಅಮ್ಮ ಮತ್ತೆ ಬಂದರು. ಎರಡು ತಿಂಗಳಲ್ಲಿ ಪೊಟ್ಟಣದ ಮೇಲಿನ ಸಾಲನ್ನು ತಾವೇ ಓದಿದರು.

ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರೂ ಶಾಲಾ ಶಿಕ್ಷಕರಾಗಿದ್ದವರು. ಜನ ಅವರನ್ನು "ಮ್ವಾಲಿಮು", ಅಂದರೆ ಮೇಷ್ಟ್ರು ಎಂದೇ ಕರೆಯುತ್ತಾರೆ. 1970ನ್ನು ಅವರು ವಯಸ್ಕರ ಶಿಕ್ಷಣದ ವರ್ಷವೆಂದು ಸಾರಿದ್ದರು. ಮಕ್ಕಳು ದೊಡ್ಡವರಾಗುವ ತನಕ ಕಾಯದೆ ದೊಡ್ಡವರೂ ಕಲಿಯಬೇಕು ಎಂಬುದು ಅವರ ನಿಲುವಾಗಿತ್ತು.

ನಿಮ್ಮ ಸಂಘದಲ್ಲಿ ಹೆಬ್ಬೆಟ್ಟು ಒತ್ತುವ ಸದಸ್ಯೆಗೆ ಸಹಿ ಕಲಿಸುವಾಗ ಇವನ್ನು ನೆನಪಿಡಿ:

1. ಅವರಿಗೆ ಏನು ಬೇಕು ಎಂದು ಮೊದಲು ಕೇಳಿ. ಅವರ ಹೆಸರು, ಅವರ ಉಳಿತಾಯದ ಪುಟ, ಹೋಗುವ ಬಸ್ಸಿನ ಬೋರ್ಡು ಇವುಗಳಿಂದ ಶುರು ಮಾಡಿ.
2. ಸಮಯ ಅವರಿಗೆ ಅನುಕೂಲವಾಗುವಂತೆ ಇರಲಿ.
3. ತಪ್ಪನ್ನು ನಾಲ್ಕು ಜನರ ಎದುರು ತಿದ್ದಬೇಡಿ.
4. ಅವರಿಗೆ ಗೊತ್ತಿರುವ ಒಂದನ್ನು ನೀವೂ ಕಲಿಯಿರಿ.
5. ಒಂದು ದಿನ ಬರದಿದ್ದರೆ ಬಯ್ಯಬೇಡಿ, ಮನೆಗೆ ಹೋಗಿ ವಿಚಾರಿಸಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಹಿಂದೆ ಕೂತ ಸಹೋದರಿಯ ಪಕ್ಕದಲ್ಲಿ ಅಂದು ಯಾರು ಕೂರುತ್ತೀರಿ?